ಯಾರೂ ವಾಪಸ್ ಕೇಳದ ಬಟ್ಟೆ

ಕಾಲೇಜಿನಲ್ಲಿ ಯೂನಿಫಾರ್ಮ್ ಇರುವುದಿಲ್ಲ ಎಂದು ತಿಳಿದ ದಿನ ಸೊರ್ಣಂಳ ಗೆಳತಿಯರೆಲ್ಲ ಕುಣಿದಾಡಿದರು. ಅವಳು ಮಾತ್ರ ಕುಣಿಯಲಿಲ್ಲ.

ಹಾಗಂತ ಅವಳ ಮನೆಯಲ್ಲಿ ಬಟ್ಟೆಗೆ ಬರವಿರಲಿಲ್ಲ. ಮೂಲೆಯಲ್ಲಿ ಸೂರು ಮುಟ್ಟುವ ಗಂಟುಗಳು, ಅಂಗಳದ ಹಗ್ಗಗಳ ತುಂಬ ಸೀರೆ, ಪಂಚೆ, ಲಂಗ. ಒಂದೂ ಅವರದಲ್ಲ. ಅವಳ ತಾಯಿ ಪೇಚಿಯಮ್ಮಾಳ್ ಊರಿನ ಅಗಸಗಿತ್ತಿ. ತಾಮ್ರಪರ್ಣಿ ನದಿಯ ದಂಡೆಯಲ್ಲಿ ಇಡೀ ಊರಿನ ಕೊಳೆಯನ್ನು ಕಲ್ಲಿಗೆ ಬಡಿದು, ಒಗೆದರೂ ಹೋಗದ ಕರಿಗೇರಿನ ಮಸಿಯಲ್ಲಿ ಮನೆಗೊಂದು ಗುರುತು ಹಾಕಿ, ಸಂಜೆ ಹಿತ್ತಿಲ ಬಾಗಿಲಲ್ಲಿ ಗಂಟು ಇಳಿಸಿ, ಅದೇ ಬಾಗಿಲಲ್ಲಿ ಪಾತ್ರೆಗೆ ಅನ್ನ ಹಾಕಿಸಿಕೊಂಡು ಬರುವವಳು. ಈಗಿನ ಕಾಲದಲ್ಲೂ ಹಾಗೆಲ್ಲ ಇದೆಯಾ ಎಂದು ಪಟ್ಟಣದವರು ಕೇಳುತ್ತಾರೆ. ಹಿತ್ತಿಲ ಬಾಗಿಲಿಗೆ ಯಾವ ಕಾಲ ಬಂದರೇನು.

ಆ ಮನೆಯಲ್ಲಿ ಲೆಕ್ಕ ಸುಲಭ. ಅಂಚಿನಲ್ಲಿ ಗುರುತಿದ್ದರೆ ಊರಿನವರದು, ಇಲ್ಲದಿದ್ದರೆ ನಮ್ಮದು. ಸೊರ್ಣಂ ಬೆಳೆದಂತೆಲ್ಲ ಗುರುತಿಲ್ಲದೆ ಉಳಿದದ್ದು ಸರ್ಕಾರ ಕೊಟ್ಟ ಸ್ಕೂಲ್ ಯೂನಿಫಾರ್ಮ್ ಒಂದೇ. ಚಿಕ್ಕವಳಿದ್ದಾಗ ಹಬ್ಬ ಹರಿದಿನಕ್ಕೆ ಪೇಚಿ ಗಂಟಿನಿಂದ ಒಂದು ಲಂಗ ಎಳೆದು ಅವಳಿಗೆ ತೊಡಿಸುತ್ತಿದ್ದಳು. ಬೆಳಗಾದರೆ ಅದು ಒಗೆದು, ಗಂಜಿ ಕುಡಿದು, ಇಸ್ತ್ರಿಯಾಗಿ ಒಡತಿಯ ಮನೆ ಸೇರುತ್ತಿತ್ತು. ಹೊರಡುವ ಮುಂಚೆ ತಾಯಿ ಹೇಳುವುದು ಒಂದೇ ಮಾತು: ಸಾಂಬಾರ್ ಚೆಲ್ಲಿಕೊಳ್ಳಬೇಡ, ಗೋಡೆಗೆ ಒರಗಬೇಡ.

ಏಳನೇ ಕ್ಲಾಸಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಹಾಗೆ ಉಟ್ಟ ಹಳದಿ ಲಂಗವನ್ನು ಮೇಲ್ಬೀದಿಯ ಹುಡುಗಿಯೊಬ್ಬಳು ಕಣ್ಣಲ್ಲೇ ಹಿಡಿದಳು. ಕೂಗಾಡಲಿಲ್ಲ. ಬಳಿಗೆ ಬಂದು ಸೆರಗಿನ ಗಂಟು ಬಿಚ್ಚಿದಷ್ಟು ಸಲೀಸಾಗಿ ಹೇಳಿದಳು: "ಅದು ನಂದು, ಬಿಚ್ಚು." ಸೊರ್ಣಂ ಒಳಲಂಗದಲ್ಲಿ, ಟೀಚರ್ ಕೊಟ್ಟ ಟವೆಲ್ ಸುತ್ತಿಕೊಂಡು ಮನೆಗೆ ಬಂದಳು. ಆ ಮೇಲೆ ಹಬ್ಬಕ್ಕೂ ಯೂನಿಫಾರ್ಮೇ. ತನ್ನ ಮೈಮೇಲಿರುವುದನ್ನು ಯಾರೂ ಬಿಚ್ಚು ಅನ್ನಬಾರದು. ಅವಳಿಗೆ ಬೇಕಿದ್ದುದು ಅಷ್ಟು ಮಾತ್ರ.

ಮದುರೆಯ ಕಾಲೇಜಿಗೆ ಹೊರಡುವ ಹಿಂದಿನ ದಿನ ಪೇಚಿ ಟ್ರಂಕು ಕೆಳಗಿಳಿಸಿದಳು. ಒಳಗೆ ಒಪ್ಪವಾಗಿ ಮಡಿಸಿಟ್ಟ ಚೂಡಿದಾರುಗಳು: ಹಸಿರು, ನೇರಳೆ, ಹೂವಿನದೊಂದು. ಒಳ್ಳೆಯ ನೂಲು, ಅಚ್ಚುಕಟ್ಟು ಹೊಲಿಗೆ. ಸೊರ್ಣಂ ಅಭ್ಯಾಸಬಲದಿಂದ ಹಸಿರಿನದರ ಅಂಚು ಮಗುಚಿ ನೋಡಿದಳು. ಗುರುತಿರಲಿಲ್ಲ. ಸೀರೆಯ ಗುರುತಿದ್ದ ಅಂಚನ್ನು ಕತ್ತರಿಸಿ ಹೊಸದಾಗಿ ಮಡಚಿ ಹೊಲಿದದ್ದು ಕಾಣುತ್ತಿತ್ತು.

"ಇದು ದೊಡ್ಡಮನೆ ಆಚ್ಚಿ ಸೀರೆ ಅಲ್ವಾಮ್ಮ?"

ಹೌದೆಂದಳು ಪೇಚಿ. ಆ ಮನೆಯ ಅಜ್ಜಿ, ಊರಿಗೆಲ್ಲ ಆಚ್ಚಿ, ಕೊನೆಯುಸಿರು ಬಿಟ್ಟಾಗ ಉಟ್ಟಿದ್ದದ್ದು. ಊರಿನ ಪದ್ಧತಿ ಹಾಗೆ, ಹೆಣದ ಮೈಯಿಂದ ಇಳಿದದ್ದು ಅಗಸಗಿತ್ತಿಯ ಪಾಲು. ಎಷ್ಟೋ ವರ್ಷದಿಂದ ಪೇಚಿ ಅಂಥವನ್ನು ಮಾರದೆ, ಉಡದೆ, ಬೇವಿನೆಲೆ ಹಾಕಿ ಎತ್ತಿಟ್ಟಿದ್ದಳು; ಈಗ ಮಗಳಿಗೆ ಚೂಡಿದಾರು ಹೊಲಿಸಿದ್ದಳು. ಬದುಕಿದ್ದಾಗ ತಮ್ಮ ಮೇಲೆ ಅವಳ ನೆರಳೂ ಸುಳಿಯಬಾರದು ಅನ್ನುತ್ತಿದ್ದರು. ಸತ್ತ ಮೇಲೆ ಅವರೇ ಅವಳಿಗೆ ಬಟ್ಟೆ ಕೊಟ್ಟಿದ್ದರು.

ತಾಯಿ ಟ್ರಂಕಿನ ಮುಚ್ಚಳ ಹಾಕಿದಳು. "ಇವನ್ನ ಯಾರೂ ವಾಪಸ್ ಕೇಳಕ್ಕೆ ಬರಲ್ಲ ಮಗಳೆ. ಬಂದ್ರೆ ಊರಲ್ಲಿ ಮೊದಲು ಓಡೋಳು ನಾನೇ."

ಇಬ್ಬರೂ ನಕ್ಕರು. ಮರುದಿನ ಸೊರ್ಣಂ ಟ್ರಂಕು ಹೊತ್ತು ಒಬ್ಬಳೇ ಬಸ್ಸು ಹತ್ತಿದಳು.

ಹಾಸ್ಟೆಲಿನಲ್ಲಿ ಅವಳು ಎಣಿಸಿರದ ಒಂದು ರೂಢಿ ಇತ್ತು. ಅಲ್ಲಿ ಯಾರ ಬಟ್ಟೆಯೂ ಯಾರ ಮೈಮೇಲಾದರೂ ಇರಬಹುದಿತ್ತು. ಇವಳ ದುಪಟ್ಟಾ ಅವಳ ಹೆಗಲಿಗೆ, ಅವಳ ಕುರ್ತಾ ಮತ್ತೊಬ್ಬಳ ಪರೀಕ್ಷೆಗೆ. ಕೇಳುವುದೂ ಇಲ್ಲ, ಕೊಡುವುದೂ ಇಲ್ಲ, ಎತ್ತಿಕೊಂಡು ಹೋಗುವುದೇ. ಅದೇ ಅಲ್ಲಿಯ ಗೆಳೆತನ. ಬಿಚ್ಚು ಎಂದು ಅನ್ನಿಸಿಕೊಳ್ಳದವರಿಗೆ ಎರವಲು ಒಂದು ಆಟ.

ರೂಮಿನ ಜೊತೆಗಾತಿ ಕಯಲ್ವಿಳಿ ಕೊಯಮತ್ತೂರಿನವಳು, ಬಾಯಿಬಡುಕಿ, ಕೆಟ್ಟವಳಲ್ಲ. ಮೊದಲ ವಾರವೇ ಸೊರ್ಣಂಳ ಹಸಿರು ಚೂಡಿದಾರಿಗೆ ಕಣ್ಣು ಹಾಕಿದ್ದಳು. ಇಂಥ ನೂಲು ಈಗ ಅಂಗಡಿಯಲ್ಲಿ ಸಿಗುವುದೇ ಇಲ್ಲ, ಒಂದು ದಿನ ಕೊಡು ಎಂದು ಗೋಗರೆದಳು. ಸೊರ್ಣಂ ಇಸ್ತ್ರಿ ಆಗಿಲ್ಲ ಅಂದಳು, ಹೊಲಿಗೆ ಬಿಟ್ಟಿದೆ ಅಂದಳು. ಬೇರೆ ಹುಡುಗಿಯರ ಬಟ್ಟೆಯನ್ನೂ ತೊಡಲಿಲ್ಲ. ಹಾಗಾಗಿ ಮಹಡಿಯಲ್ಲೆಲ್ಲ ಅವಳಿಗೆ ಜಂಬದ ಕೋಳಿ ಎಂದು ಹೆಸರು ಬಿತ್ತು. ಮೂರು ತಲೆಗಳು ಒಂದೇ ಮೊಬೈಲಿನ ಮೇಲೆ ಬಾಗಿ ನಗುವಾಗ ಅವಳು ಗೋಡೆ ಕಡೆ ತಿರುಗಿ ಓದುತ್ತಿದ್ದಳು. ಊಟದ ಹಾಲಿನಲ್ಲಿ ಅವಳ ಪಕ್ಕದ ಕುರ್ಚಿ ಖಾಲಿ. ಊರಿನಲ್ಲಿ ಅವಳನ್ನು ದೂರ ಇಟ್ಟದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಅವಳಿಗೊಬ್ಬಳಿಗೇ ಗೊತ್ತು. ಎರಡರಲ್ಲಿ ಯಾವುದು ಮೇಲು ಎಂದು ಹೇಳುವುದು ಅವಳಿಗೆ ಕಷ್ಟವಾಗುತ್ತಿತ್ತು.

ಹೊಸಬರನ್ನು ಸ್ವಾಗತಿಸುವ ಸಂಜೆ ಕಯಲ್ ತನ್ನದೊಂದು ಹಳದಿ ಕುರ್ತಾ ತಂದು ಅವಳ ಮಂಚಕ್ಕೆ ಎಸೆದಳು. "ಹಾಕ್ಕೊಳೆ. ನಿಂಗೆ ಒಪ್ಪುತ್ತೆ. ಬಿಂಕ ಸಾಕು, ಬಾ."

ಮತ್ತೆ ಹಳದಿ. ಕೈ ಹಿಂದೆ ಸರಿಯಿತು. ಆದರೆ ತಿಂಗಳುಗಟ್ಟಲೆ ಯಾರೂ ಬಾ ಎಂದಿರಲಿಲ್ಲ. ಸೊರ್ಣಂ ತೊಟ್ಟಳು. ಹುಡುಗಿಯರು ಅವಳ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಂಡರು, ಜಡೆಗೆ ಮಲ್ಲಿಗೆ ಮುಡಿಸಿದರು. ಅವಳು ನಕ್ಕಳು, ನಗುತ್ತಲೇ ಗೋಡೆಗೆ ಒರಗದೆ ನಿಂತಳು. ಊಟದಲ್ಲಿ ಬರೀ ಮೊಸರನ್ನ ಹಾಕಿಸಿಕೊಂಡಳು. ಸಾಂಬಾರ್ ಮುಟ್ಟಲಿಲ್ಲ.

ಬೆಳಗ್ಗೆ ಎದ್ದವಳೇ ಕುರ್ತಾ ಒಗೆದಳು. ಅಡುಗೆಮನೆಯಿಂದ ಅನ್ನದ ಗಂಜಿ ಬೇಡಿ ತಂದು ಅದ್ದಿದಳು, ನೆರಳಿನಲ್ಲಿ ಒಣಗಿಸಿದಳು, ಹಾಸ್ಟೆಲಿನ ಇಸ್ತ್ರಿ ಪೆಟ್ಟಿಗೆಯಲ್ಲಿ ಉಜ್ಜಿದಳು. ತೋಳು ಹಿಂದಕ್ಕೆ, ಕುತ್ತಿಗೆ ಒಳಕ್ಕೆ, ಅಂಗೈ ಅಗಲಕ್ಕೆ ಮಡಿಕೆ. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ತೊಟ್ಟದ್ದನ್ನು ಹಾಗೇ ಬಿಚ್ಚಿ ಎಸೆಯಬಹುದು ಎಂಬುದು ಆ ಕೈಗಳಿಗೆ ಗೊತ್ತೇ ಇರಲಿಲ್ಲ.

ಕಯಲ್ ಕುರ್ತಾವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ಲಾಂಡ್ರಿಯವನು ಕೂಡ ಹೀಗೆ ಮಾಡಲ್ಲ ಕಣೇ ಎಂದು ಅಕ್ಕಪಕ್ಕದ ರೂಮಿಗೆಲ್ಲ ಹೊತ್ತು ತೋರಿಸಿ ಬಂದಳು.

ಸಂಜೆ ಕ್ಲಾಸು ಮುಗಿಸಿ ಬಂದಾಗ ಸೊರ್ಣಂಳ ಮಂಚದ ಮೇಲೆ ಒಂದು ರಾಶಿ ಇತ್ತು. ಯಾರ್ಯಾರದೋ ಕುರ್ತಾ, ಪ್ಯಾಂಟು, ದುಪಟ್ಟಾ. ಹರಡದಿರಲಿ ಎಂದು ಒಂದು ಬೆಡ್‌ಶೀಟಿನಲ್ಲಿ ಕಟ್ಟಿದ್ದರು. ಗಂಟಿನ ಮೇಲೆ ಒಂದು ಚಾಕಲೇಟು.

ಅವಳು ಬಾಗಿಲಲ್ಲೇ ನಿಂತಳು. ನದಿ ಬಿಟ್ಟು ಬಂದರೂ ಗಂಟು ಬಸ್ಸು ಹತ್ತಿ ಬಂದಿತ್ತು. ಮೇಲೆ ಹಿತ್ತಿಲ ಬಾಗಿಲಿನ ಅನ್ನವನ್ನೂ ಇಟ್ಟುಕೊಂಡು ಬಂದಿತ್ತು.

ಕಯಲ್ ಹಲ್ಲು ಕಿರಿದಳು. "ಪ್ಲೀಸ್ ಕಣೇ. ನಿನ್ ಕೈಯಲ್ಲಿ ಏನೋ ಇದೆ. ಎಲ್ಲಿ ಕಲಿತೆ?"

"ಮನೇಲಿ. ನಮ್ಮಮ್ಮ ಅಗಸಗಿತ್ತಿ. ಊರ ಬಟ್ಟೆ ಒಗೀತಾಳೆ."

ಅದಕ್ಕೇನೀಗ, ನಾನು ಅದೆಲ್ಲ ನೋಡೋಳಲ್ಲ ಎಂದು ಕಯಲ್ ಅವಸರವಾಗಿ ಹೇಳಿದಳು. ಹೇಳಿದ್ದು ನಿಜವೇ ಇರಬಹುದು. ಸೊರ್ಣಂ ಟ್ರಂಕು ತೆರೆದು ಹಸಿರು ಚೂಡಿದಾರನ್ನು ಅವಳ ಮಡಿಲಿಗಿಟ್ಟಳು.

"ಕೇಳ್ತಿದ್ದೆಯಲ್ಲ, ತಗೊ. ಯಾರದ್ದು ಅಂತ ತಿಳ್ಕೊಂಡು ಹಾಕ್ಕೊ. ನಮ್ಮೂರ ದೊಡ್ಡಮನೆ ಆಚ್ಚಿ, ಇದು ಸೀರೆಯಾಗಿದ್ದಾಗ, ಇದನ್ನ ಉಟ್ಕೊಂಡೇ ಸತ್ತಳು. ಹೆಣದ ಮೈಯಿಂದ ಇಳಿಸಿ ನಮ್ಮಮ್ಮನಿಗೆ ಕೊಟ್ರು. ಬದುಕಿದ್ದಾಗ ಅದೇ ಆಚ್ಚಿ ನಮ್ಮಮ್ಮನಿಗೆ ಮುಟ್ಟಿಸಿಕೊಳ್ಳದೆ ಮೇಲಿನಿಂದ ನೀರು ಹೊಯ್ತಿದ್ಲು."

ಕಯಲ್ ಬಟ್ಟೆಯನ್ನು ತುದಿಬೆರಳಲ್ಲಿ ಹಿಡಿದು ಮಂಚದ ಮೇಲಿಟ್ಟಳು. ಆಮೇಲೆ, ತನಗೇ ಗೊತ್ತಿಲ್ಲದೆ, ಅಂಗೈಯನ್ನು ತನ್ನ ಕುರ್ತಾಕ್ಕೆ ಒರೆಸಿಕೊಂಡಳು. ಒರೆಸಿಕೊಂಡದ್ದು ಗೊತ್ತಾದಾಗ ಅವಳ ಮುಖ ಸಣ್ಣದಾಯಿತು. ಸೊರ್ಣಂಗೆ ಒಂದು ಗಳಿಗೆ ಅವಳ ಮೇಲೆ ಕನಿಕರವೇ ಬಂತು. ಕನಿಕರಪಟ್ಟು ಸುಮ್ಮನಾಗುವುದೂ ಅವಳ ಮನೆತನದ ಕಸುಬೇ. ಅದನ್ನೂ ಬಿಡಬೇಕಿತ್ತು.

ಅವಳು ಗಂಟನ್ನು ಎತ್ತಿಕೊಂಡು ಮಹಡಿಯ ಉದ್ದಕ್ಕೂ ನಡೆದಳು. ಹಿತ್ತಿಲ ಬಾಗಿಲು ಅಲ್ಲಿರಲಿಲ್ಲ, ಎಲ್ಲ ರೂಮಿಗೂ ಒಂದೇ ಬಾಗಿಲು. ತಟ್ಟಿ, ಅವರವರ ಬಟ್ಟೆಯನ್ನು ಒಗೆಯದೆ, ಮಡಿಸದೆ, ಅವರವರ ಕೈಗೇ ಕೊಟ್ಟಳು. ಚಾಕಲೇಟು ಯಾರದ್ದು ಎಂದು ಕೇಳಿದಳು. ಯಾರೂ ತಮ್ಮದು ಅನ್ನಲಿಲ್ಲ. ಕಿಟಕಿಯ ಮೇಲೆ ಇಟ್ಟು ಬಂದಳು.

ರಾತ್ರಿಯ ಊಟಕ್ಕೆ ಹಸಿರು ಚೂಡಿದಾರು ತೊಟ್ಟುಹೋದಳು. ಪಕ್ಕದ ಕುರ್ಚಿ ಎಂದಿನಂತೆ ಖಾಲಿ, ಎದುರಿನದೂ ಖಾಲಿ. ಮೊಣಕೈ ಮೇಜಿಗೆ ಊರಿ, ಅನ್ನದ ತುಂಬ ಸಾಂಬಾರ್ ಹಾಕಿಸಿಕೊಂಡಳು. ಒಂದು ಹನಿ ತೋಳಿನ ಮೇಲೆ ಬಿತ್ತು. ನೋಡಿದಳು. ಒರೆಸಲಿಲ್ಲ. ಅಳು ಬಂತು, ಅದನ್ನೂ ಒರೆಸದೆ ಉಂಡಳು.

ಕೈ ತೊಳೆಯುವಾಗ ತಾಯಿಯ ಫೋನು ಬಂತು. ಬಟ್ಟೆ ಸಾಲುತ್ತಾ, ಹುಡುಗಿಯರು ಚೆನ್ನಾಗಿದೆ ಅಂದರಾ ಎಂದು ವಿಚಾರಿಸಿದಳು ಪೇಚಿ. ಸೊರ್ಣಂ ಸಾಲುತ್ತೆ ಎಂದಳು. ತಾಯಿ ದನಿ ತಗ್ಗಿಸಿ, ಮೇಲ್ಬೀದಿಯ ಗಂಗೈಯಾಚ್ಚಿ ತೀರಿಹೋದಳು, ನೀಲಿ ಸೀರೆ ಬಂದಿದೆ, ಬಣ್ಣ ಒಂಚೂರೂ ಮಾಸಿಲ್ಲ, ಮುಂದಿನ ಸೆಮಿಸ್ಟರಿಗೆ ಹೊಲಿಸಿಡುತ್ತೇನೆ ಅಂದಳು. ಸಾವಿನ ಸುದ್ದಿಯನ್ನು ಸಿಹಿಸುದ್ದಿಯಂತೆ ಹೇಳಿದ್ದಕ್ಕೆ ತಾನೇ ನಾಚಿಕೊಂಡು ನಕ್ಕಳು.

ಸೊರ್ಣಂ ಒದ್ದೆ ಕೈಯಿಂದ ತೋಳಿನ ಮೇಲಿನ ಕಲೆಯನ್ನು ಮುಟ್ಟಿದಳು.

"ಹೊಲ್ಸಮ್ಮ. ಆದ್ರೆ ಅಂಚು ಕತ್ತರಿಸಬೇಡ."

"ಗುರುತು ಕಾಣುತ್ತಲ್ಲೇ?"

"ಕಾಣ್ಲಿ. ನೀನು ಹಾಕಿದ ಗುರುತು ತಾನೆ."