ಹುಳಿನೀರಿನ ಹದ

ಜ್ವರ ಬಿಟ್ಟು ಹದಿನೈದು ದಿನವಾದರೂ ನಿಬಾರಣ ಮೋದಕನ ನಾಲಿಗೆಗೆ ರುಚಿ ಮರಳಿರಲಿಲ್ಲ, ಮೂಗಿಗೆ ವಾಸನೆಯೂ. ಯಾರಿಗೂ ಹೇಳಿರಲಿಲ್ಲ. ಮಿಠಾಯಿಗಾರನ ನಾಲಿಗೆ ಹೋಯಿತೆಂದರೆ ಅವನ ಯಜಮಾನಿಕೆಯೂ ಹೋದಂತೆಯೇ.

ಹಾಲು ಒಡೆಸಲು ಅವನ ಅಂಗಡಿಯಲ್ಲಿ ನಿಂಬೆ ಮುಟ್ಟುತ್ತಿರಲಿಲ್ಲ. ಹಿಂದಿನ ದಿನ ಒಡೆದ ಹಾಲಿನಿಂದ ಬಸಿದ ನೀರನ್ನು ಮಡಕೆಯಲ್ಲಿ ಹುಳಿಯಲು ಬಿಟ್ಟು, ಅದನ್ನೇ ಹಾಕುವುದು. ಆ ನೀರು ಹದವಾಗಿದ್ದರೆ ಹಾಲಿನಿಂದ ಬೇರ್ಪಟ್ಟ ಛಾನಾ ಮುದ್ದೆ ಬೆಣ್ಣೆಯಂತೆ ಮೃದು. ಹುಳಿ ಮೀರಿದರೆ ಹಾಲು ಬೆದರಿದಂತೆ ಒಮ್ಮೆಲೇ ಗಂಟುಕಟ್ಟಿ ರಬ್ಬರಾಗುತ್ತದೆ. ಮನೆಯ ಹಿರಿಯನೊಬ್ಬನೇ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕಿ ಹದ ಹೇಳಬೇಕು. ಬೇರೆಯವರು ನಾಲಿಗೆಗೆ ತಾಗಿಸುವಂತಿಲ್ಲ.

ಅಂದು ಚಾಕಲಾದಾರರ ಮನೆ ಮದುವೆಯ ತಟ್ಟೆಗಳಿಗೆ ಛಾನಾದಿಂದ ಮೀನಿನಚ್ಚಿನಲ್ಲಿ ಒತ್ತಿದ ಸಂದೇಶ್ ಮಿಠಾಯಿ ಹೋಗಬೇಕಿತ್ತು.

"ನಿನ್ನೆ ಸಂದೇಶ್ ಕಚ್ಚಿ ಪಕ್ಕದ ಮನೆ ಕುಂಡು ಕಾಕನ ಕಟ್ಟಿಸಿದ ಹಲ್ಲು ಕಳಚಿತಂತೆ, ಬಾಬಾ," ಎಂದಳು ಸೊಸೆ ಸುರಮಾ.

"ಅವನ ಹಲ್ಲು ಬಾಯಿಗಿಂತ ಜೇಬಲ್ಲೇ ಜಾಸ್ತಿ ಇರುತ್ತೆ, ಬೌಮಾ," ಎಂದ ಸೊಸೆಗೆ.

ನಿಬಾರಣ ಹನಿ ನೆಕ್ಕಿದ. ಬರೀ ನೀರು ಕುಡಿದ ಹಾಗಿತ್ತು. "ಸರಿಯಾಗಿದೆ," ಎಂದು ಮೊದಲ ಬಾಣಲೆಗೆ ಸುರಿದ. ಹಾಲು ಒಡೆಯಿತು. ಬಟ್ಟೆಯಲ್ಲಿ ಹಿಂಡಿದರೆ ಗಟ್ಟಿ ಗಟ್ಟಿ ಕಾಳು.

"ಗೌಳಿ ಘೋಷನ ಹಾಲೇ ಸರಿಯಿಲ್ಲ," ಎಂದು ಗೊಣಗಿದ.

ಎರಡನೆಯ ಬಾಣಲೆ ಉಕ್ಕಿ ಬರುವಾಗ ನೋಡುತ್ತಾನೆ, ಸುರಮಾ ಹುಳಿನೀರಿನ ಮಡಕೆಗೆ ಎರಡು ಸೌಟು ನೀರು ಹೊಯ್ಯುತ್ತಿದ್ದಾಳೆ.

"ನನ್ನ ಕೇಳದೆ?"

"ಕೇಳಿದ್ರೆ ಬೇಡ ಅಂತಿದ್ರಿ."

"ಹುಳಿ ಅಂತ ನಿಂಗೆ ಹೇಗೆ ಗೊತ್ತು? ನೆಕ್ಕಿದ್ಯಾ?"

"ನೆಕ್ಕೋದ್ಯಾಕೆ? ವಾಸನೆಗೇ ಕಣ್ಣಲ್ಲಿ ನೀರು ಬರ್ತಿದೆ." ಅವಳು ತಲೆಯೆತ್ತಿದಳು. "ನಿಮಗೆ ಬರ್ಲಿಲ್ವಾ ಬಾಬಾ?"

ನಿಬಾರಣ ಬಾಣಲೆಯತ್ತ ತಿರುಗಿದ. ಹಾಲು ಉಕ್ಕಿ ಚೆಲ್ಲುವುದರಲ್ಲಿತ್ತು. ಒಲೆಯಿಂದ ಇಳಿಸಿ, ಆ ತೆಳುವಾದ ಹುಳಿನೀರನ್ನೇ ನಿಧಾನವಾಗಿ ಹೊಯ್ದ. ಹಾಲು ಅವಸರವಿಲ್ಲದೆ ಬೇರ್ಪಟ್ಟಿತು. ಛಾನಾ ಹಿಂಡಿದರೆ ಬೆರಳ ಸಂದಿಯಲ್ಲಿ ಜಾರುವಷ್ಟು ಮೃದು. ಅದನ್ನು ಮುಟ್ಟಿದಾಗ ಅವನಿಗೆ ಸಂತೋಷವಾಗಲಿಲ್ಲ.

"ನಿಮ್ಮ ಮಗನಿಗೆ ನಾನೇನೂ ಹೇಳಲ್ಲ," ಎಂದಳು ಸುರಮಾ ಮೆಲ್ಲಗೆ.

"ಇವತ್ತು ನೀನು ಹೇಳಲ್ಲ. ನಾಳೆಯ ಛಾನಾನೇ ಹೇಳುತ್ತೆ."

ಇನ್ನೊಂದು ಬಾಣಲೆ ಹಾಲು ಉಳಿದಿತ್ತು. ಅದಕ್ಕೆಂದು ಪಕ್ಕದ ಮಡಕೆಯನ್ನು ಎಳೆದ. ಅದು ಇನ್ನೂ ಒಂದು ದಿನ ಹಳೆಯದು.

"ಕೈ ಚಾಚು."

"ನಾನಾ? ಬೇಡ ಬಾಬಾ, ಮನೆಯ ರೂಢಿ..."

"ಚಾಚು ಅಂದೆ."

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಚಾಚಿದಳು. ಅವನು ಅಂಗೈಗೆ ಬಿಟ್ಟ ಎರಡು ಹನಿ ನೆಕ್ಕಿ ಮುಖ ಸಿಂಡರಿಸಿದಳು. "ತುಂಬ ಹುಳಿ."

ನಿಬಾರಣ ಒಂದು ಸೌಟು ನೀರು ಹೊಯ್ದು, ಅವಳ ಮುಖ ನೋಡದೆ ಕೇಳಿದ, "ಈಗ?"

"ಇನ್ನೂ."

ಮತ್ತೊಂದು ಸೌಟು ಹೊಯ್ದ. "ಈಗ ಹೇಳು."