ಪೂಜೆಗಿಟ್ಟ ಸಿಡಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ನಾಲ್ಕು ದಿನಗಳಲ್ಲಿ ನಾನು ಒಂದು ಕಂಪ್ಯೂಟರಿಗೆ, ಒಬ್ಬ ಸರ್ವಿಸ್ ಇಂಜಿನಿಯರಿಗೆ, ಕಡೆಗೆ ದೇವರಿಗೂ ಬಾಯಿಗೆ ಬಂದಂತೆ ಬೈದಿದ್ದೇನೆ. ತಪ್ಪು ಯಾರದೆಂದು ಗೊತ್ತಾದದ್ದು ಆಮೇಲೆ.

ಪೀಣ್ಯ ಎರಡನೇ ಹಂತದಲ್ಲಿ ಆಂಜಿನಪ್ಪ ಸಾರ್ ಅವರ ಕಾರ್ಖಾನೆ. ಆರು ಲೇತು, ಹದಿನೆಂಟು ಜನ. ಪಂಪುಗಳ ಒಳಗೆ ಕೂರುವ ಹಿತ್ತಾಳೆಯ ಬುಷ್‌ಗಳನ್ನು, ಅಂದರೆ ದಪ್ಪ ಉಂಗುರಗಳನ್ನು, ಮಾಡುತ್ತೇವೆ. ನಾನು ಬಾಗಲಕೋಟೆ ಕಡೆಯಿಂದ ಬಂದವಳು, ಮಹಾದೇವಿ. ಏಳು ವರ್ಷ ಇಲ್ಲಿ ಫೈಲಿಂಗ್ ಬೆಂಚಿನ ಮುಂದೆ ನಿಂತಿದ್ದೆ. ಲೇತಿನಿಂದ ಬಂದ ಬುಷ್ಷಿನ ಅಂಚಿನಲ್ಲಿ ಮುಳ್ಳು ಉಳಿದಿರುತ್ತದೆ, ಅದನ್ನು ಅರದಿಂದ ಉಜ್ಜಿ ತೆಗೆಯಬೇಕು. ದಿನಕ್ಕೆ ಆರುನೂರು ಬುಷ್, ಎಲ್ಲವೂ ನಿಂತುಕೊಂಡೇ. ಊಟಕ್ಕೆ ಕೂತಾಗ ಅಂಗಾಲು ಉರಿಯುತ್ತಿತ್ತು.

2010ರ ಫೆಬ್ರವರಿಯಲ್ಲಿ ಇನ್‌ಸ್ಪೆಕ್ಷನ್ ರೂಮಿನ ಹುಡುಗಿ ಮದುವೆಯಾಗಿ ಕೆಲಸ ಬಿಟ್ಟಳು. ನಾನು ಪಿಯುಸಿ ಪಾಸಾದವಳೆಂದು ಯಾರೋ ಸಾರ್ ಕಿವಿಗೆ ಹಾಕಿದರು. ಹಾಗೆ ನನಗೆ ಕುರ್ಚಿ ಸಿಕ್ಕಿತು. ಬುಷ್‌ಗಳನ್ನು ಅಳೆದು, ಅಳತೆಯನ್ನು ಕಂಪ್ಯೂಟರಿಗೆ ಏರಿಸಿ, ರಿಪೋರ್ಟ್ ತೆಗೆಯುವುದು ಕೆಲಸ. ಎಂಟು ತಿಂಗಳು ನಾನು ಕೂತು ದುಡಿದೆ. ಕೂತು ದುಡಿಯುವ ಸುಖ ಹುಟ್ಟಿನಿಂದ ಕೂತವರಿಗೆ ಗೊತ್ತಾಗುವುದಿಲ್ಲ.

ಅಕ್ಟೋಬರ್‌ನಲ್ಲಿ, ಆಯುಧಪೂಜೆಗೆ ಎರಡು ದಿನ ಇರುವಾಗ, ಯಾರೋ ತಂದ ಪೆನ್‌ಡ್ರೈವಿನಿಂದ ವೈರಸ್ ಹೊಕ್ಕು ಕಂಪ್ಯೂಟರ್ ನೆಲ ಕಚ್ಚಿತು. ಶುಕ್ರವಾರ ಸರ್ವಿಸ್ ಇಂಜಿನಿಯರ್ ಭಾನುಪ್ರಕಾಶ್ ಬಂದರು. ಕಾಲು ಗಂಟೆ ನೋಡಿ ಬ್ಯಾಗಿನ ಜಿಪ್ ಎಳೆದರು.

"ಮೇಡಂ, ಇದು ಮ್ಯೂಸಿಯಂ ಪೀಸು. ಹೊಸ ವಿಂಡೋಸ್ ಇದ್ರಲ್ಲಿ ಓಡಲ್ಲ, ಹಳೇದ್ರ ಸಿಡಿ ನಿಮ್ಮತ್ರ ಇಲ್ಲ. ಗುಜರಿಗೆ ಹಾಕಿ."

"ಒಳಗ ಎಂಟು ತಿಂಗಳ ರಿಪೋರ್ಟ್ ಅದಾವಲ್ರಿ?"

"ಮರ್ತ್‌ಬಿಡಿ" ಎಂದರು. ಅವರ ಬೈಕು ಗೇಟು ದಾಟುವವರೆಗೂ ನಾನು ಬೈಯುತ್ತಲೇ ಇದ್ದೆ.

ಆಂಜಿನಪ್ಪ ಸಾರ್ ಕೂಗಾಡುವ ಮನುಷ್ಯರಲ್ಲ. ಅವರ ಅಪ್ಪ ಇದೇ ಜಾಗದಲ್ಲಿ ರಾಗಿ ಬೆಳೆದವರು, ಇವರು ಬುಷ್ ಬೆಳೆಯುತ್ತಿದ್ದಾರೆ ಎಂದು ನಾವು ತಮಾಷೆ ಮಾಡುವುದುಂಟು. ಅವರು ಮೆಲ್ಲಗೆ ಹೇಳಿದರು:

"ನೋಡಮ್ಮ, ಮಂಗಳವಾರ ಕಸ್ಟಮರ್ ಕಡೆಯೋರು ಬತ್ತಾರೆ. ಎಂಟು ತಿಂಗಳ ರಿಪೋರ್ಟೂ ಕೇಳ್ತಾರೆ. ಸೋಮವಾರ ಸಂಜೆ ಒಳಗೆ ಇದು ಏಳ್ಲಿಲ್ಲ ಅಂದ್ರೆ, ಲೇತ್‌ನೋರು ಅಳತೆ ಬರೆದಿಟ್ಟಿರೋ ಚೀಟಿ ಎಲ್ಲ ತಗೊಂಡು ರಿಜಿಸ್ಟ್ರು ಬರೆಯಕ್ಕೆ ನಾನೇ ಕೂತ್ಕೋತೀನಿ. ಇನ್ಮೇಲೆ ರಿಜಿಸ್ಟ್ರೇ. ನೀನು ಬೆಂಚಿಗೆ ಓಗು."

ಆ ಮಾತಿನಲ್ಲಿ ಗುಲಗಂಜಿಯಷ್ಟೂ ಕೋಪವಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಮಾದನಾಯಕನಹಳ್ಳಿಯಲ್ಲಿ ನಮ್ಮ ಬಾಡಿಗೆ ರೂಮಿನ ಕೆಳಗೆ ರಾಣಿಯ ಬ್ರೌಸಿಂಗ್ ಸೆಂಟರ್. ಅಂದು ಸಂಜೆ ಬಸ್ಸಿಳಿದವಳೇ ಅವಳ ಮುಂದೆ ಗೋಳು ತೋಡಿಕೊಂಡೆ. ಅವಳು ಡ್ರಾಯರಿನಿಂದ ರಟ್ಟಿನ ಕವರಿನಲ್ಲಿದ್ದ ಒಂದು ಸಿಡಿ ತೆಗೆದಳು.

"ಅಕ್ಕ, ಲಿನಕ್ಸ್ ಹಾಕಿ ನೋಡಿ. ವಿಂಡೋಸ್ ಥರಾನೇ ಇದೂ ಒಂದು, ಕಂಪ್ಯೂಟರ್ ನಡೆಸೋಕೆ. ನಮ್ಮ ಎರಡು ಸಿಸ್ಟಮ್‌ಗೆ ಅದೇ ಹಾಕಿರೋದು. ವೈರಸ್ ಕಾಟ ಕಮ್ಮಿ, ಹಳೇ ಮಷಿನ್‌ನಲ್ಲೂ ಓಡತ್ತೆ."

"ಎಷ್ಟಾಗ್ತದ?"

"ಫ್ರೀ ಅಕ್ಕ. ಕೇಳಿದ್ರೆ ಪೋಸ್ಟಲ್ಲಿ ಕಳಿಸ್ತಾರೆ."

ನಾನು ನಂಬಲಿಲ್ಲ. ಬೆಂಗಳೂರಿನಲ್ಲಿ ನೀರನ್ನೂ ಪುಕ್ಕಟೆ ಕೊಡುವುದಿಲ್ಲ, ಇನ್ನು ಕಂಪ್ಯೂಟರಿನ ಜೀವವನ್ನು ಯಾರು ಕೊಡುತ್ತಾರೆ? ಆದರೂ ಕೈಚಾಚಿ ಇಸಿದುಕೊಂಡೆ. ರಾಣಿ ಎರಡು ಮಾತು ಹೇಳಿ ಕಳಿಸಿದಳು. ಮೊದಲು ಬರೇ ಸಿಡಿಯಿಂದಲೇ ಓಡಿಸಿ ನೋಡುವುದು, ಆಗ ಒಳಗಿನದು ಏನೂ ಹಾಳಾಗುವುದಿಲ್ಲ. ಆಮೇಲೆ ಮೆಷಿನಿಗೆ ಹಾಕುವಾಗ, 'ಇಡೀ ಡಿಸ್ಕ್ ಬಳಸಲೇ' ಎಂದು ಕೇಳಿದರೆ ಅಪ್ಪಿತಪ್ಪಿಯೂ ಹೂಂ ಅನ್ನಬಾರದು.

ಶನಿವಾರ ಆಯುಧಪೂಜೆ. ಬೆಳಿಗ್ಗೆ ಏಳಕ್ಕೇ ಕಾರ್ಖಾನೆಗೆ ಹೋದೆ. ಎಲ್ಲರೂ ಲೇತುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ನಾನು ರೂಮಿಗೆ ಹೋಗಿ ಸಿಡಿ ಹಾಕಿದೆ. ಕಂಪ್ಯೂಟರ್ ಹೊತ್ತಿಕೊಳ್ಳುವ ಆ ಒಂದು ಗಳಿಗೆಯಲ್ಲೇ ಡಿಲೀಟ್ ಕೀ ಒತ್ತಿ, ಸಿಡಿಯನ್ನು ಮೊದಲು ನೋಡು ಎಂದು ಹೇಳಬೇಕು. ಮೂರು ಸಲ ತಡವಾಯಿತು. ನಾಲ್ಕನೇ ಸಲ ಆನ್ ಮಾಡುವ ಮೊದಲೇ ಕೀ ಅದುಮಿ ಹಿಡಿದೆ. ಆಗ ನೇರಳೆ ಬಣ್ಣದ ಪರದೆ ಬಂತು ನೋಡಿ! ಸತ್ತಿದೆ ಎಂದ ಮೆಷಿನು ಕಣ್ಣು ಬಿಟ್ಟಿತ್ತು. ಮೌಸ್ ಅಲ್ಲಾಡಿಸಿದರೆ ಬಾಣ ಓಡಾಡಿತು. ಅಲ್ಲಿ ಇಲ್ಲಿ ಒತ್ತುತ್ತಾ ಹೋದವಳಿಗೆ ಡಿ ಡ್ರೈವ್, ಅಂದರೆ ನಾನು ರಿಪೋರ್ಟ್ ಇಡುತ್ತಿದ್ದ ಡಿಸ್ಕಿನ ಎರಡನೇ ಭಾಗ, ಸಿಕ್ಕಿತು. ಅದರೊಳಗೆ ಫೆಬ್ರವರಿ, ಮಾರ್ಚ್, ಏಪ್ರಿಲ್, ಒಂದೂ ಬಿಡದೆ ಎಂಟೂ ತಿಂಗಳು.

"ಬದುಕ್ಯಾದ! ಎಲ್ಲಾ ಬದುಕ್ಯಾವ!" ಎಂದು ಕಿರುಚಿದೆ. ಲೇತಿನ ನಲ್ಲಪ್ಪಣ್ಣ ಸೀಮೆಎಣ್ಣೆ ಬಟ್ಟೆಯ ಸಮೇತ ಓಡಿ ಬಂದರು.

"ಯಾರಿಗೇನಾತು?"

"ಏನೂ ಆಗಿಲ್ರಿ ಅಣ್ಣ. ನೋಡ್ರಿಲ್ಲಿ, ಮಾರ್ಚ್!"

ಅವರು ಮಾರ್ಚನ್ನು ನೋಡಿ, ನನ್ನನ್ನೂ ನೋಡಿ, ತಲೆ ಕೆರೆದುಕೊಂಡು ಹೋದರು.

ಇನ್ನೇನು ಮೆಷಿನಿಗೆ ಹಾಕಬೇಕು, ಆಂಜಿನಪ್ಪ ಸಾರ್ ಕೂಗಿದರು. "ಪೂಜೆಗೆ ಒತ್ತಾಯ್ತು, ಎಲ್ಲ ಆಫ್ ಮಾಡ್ರಪ್ಪ!" ಪೂಜೆಯಾದ ಮೇಲೆ ಯಾವ ಉಪಕರಣವನ್ನೂ ಮುಟ್ಟುವಂತಿಲ್ಲ, ಭಾನುವಾರ ವಿಜಯದಶಮಿಯೂ ರಜೆ. ಉಳಿದದ್ದು ಸೋಮವಾರ ಒಂದೇ ದಿನ. ಆದರೂ ನನಗೆ ಬೇಜಾರಾಗಲಿಲ್ಲ. ನಾನು ಅಳೆಯುವ ವರ್ನಿಯರು, ಮೈಕ್ರೋಮೀಟರುಗಳನ್ನು ಬಾಳೆಎಲೆಯ ಮೇಲೆ ಜೋಡಿಸಿದೆ. ಪಕ್ಕದಲ್ಲಿ ಸಿಡಿಯನ್ನೂ ಇಟ್ಟೆ. ಈ ವರ್ಷ ನನ್ನ ನಿಜವಾದ ಆಯುಧ ಅದೇ ಆಗಿತ್ತು. ಕೈಮುಗಿದೆ. ಬೂದುಗುಂಬಳ ಒಡೆದರು, ಕಡ್ಲೆಪುರಿ ಹಂಚಿದರು, ಎಲ್ಲರೂ ಮನೆಗೆ ಹೊರಟೆವು.

ಭಾನುವಾರ ಇಡೀ ದಿನ ರೂಮಿನಲ್ಲಿ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಗೋಡೌನಿನಲ್ಲಿ ಲೋಡ್ ಹೊರುವ ನನ್ನ ಗಂಡ ಭೀಮಪ್ಪನಿಗೆ ವಾರಕ್ಕೊಂದೇ ರಜೆ.

"ಹೋಳಿಗಿ ಮಾಡ್ತಿಯೋ, ಕಂಪ್ಯೂಟರ್ ಮಾಡ್ತಿಯೋ?" ಎಂದು ಕೇಳಿದ. ಹೋಳಿಗೆ ಹೊತ್ತಿಹೋಗಿತ್ತು.

ಸೋಮವಾರ ಎಂಟಕ್ಕೆ ಶುರುಮಾಡಿದೆ. ಸಿಡಿ ಹಾಕಿದೆ, ನೇರಳೆ ಪರದೆ ಬಂತು. 'ಇಡೀ ಡಿಸ್ಕ್' ಎಂದು ಕೇಳಿತು, ಬೇಡ ಎಂದೆ. ವಿಂಡೋಸ್ ಇದ್ದ ಮೊದಲ ಭಾಗವನ್ನು ತೋರಿಸಿ, ಇದನ್ನು ಅಳಿಸು ಎಂದೆ. ಡಿ ಡ್ರೈವ್ ತಂಟೆಗೆ ಹೋಗಲಿಲ್ಲ. ಎರಡೆರಡು ಸಲ ಓದಿಯೇ ಒಂದೊಂದು ಬಟನ್ ಒತ್ತಿದೆ. ನೂರಕ್ಕೆ ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಮುಂದೆ ಹೋಗತೊಡಗಿತು. ಹತ್ತು, ಮೂವತ್ತು, ಐವತ್ತು. ಅರವತ್ತೆರಡಕ್ಕೆ ನಿಂತಿತು. ಸಿಡಿ ಓದಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು.

ಮತ್ತೆ ಮೊದಲಿನಿಂದ ಮಾಡಿದೆ. ಮತ್ತೆ ಅರವತ್ತೆರಡು. ಮೂರನೇ ಸಲವೂ ಅಷ್ಟೇ. ಹಳೆಯ ವಿಂಡೋಸನ್ನು ನಾನೇ ಅಳಿಸಿದ್ದೆ, ಹೊಸದು ಕೂರುತ್ತಿಲ್ಲ. ಮಧ್ಯಾಹ್ನ ಹನ್ನೆರಡಾಗಿತ್ತು. ಗಾಜಿನಾಚೆ ನನ್ನ ಹಳೆಯ ಬೆಂಚು ಕಾಣುತ್ತಿತ್ತು. ನನಗೆ ಅಳು ಬರುವ ಮುಂಚೆ ಸಿಟ್ಟು ಬರುತ್ತದೆ. ಭಾನುಪ್ರಕಾಶ್‌ಗೆ ಬೈದೆ. ಪುಕ್ಕಟೆ ಕೊಟ್ಟವರಿಗೆ ಬೈದೆ. ಭಕ್ತಿಯಿಂದ ಪೂಜೆ ಮಾಡಿದ್ದಕ್ಕೆ ಇದೇನಾ ಫಲ ಎಂದು ಚಾಮುಂಡಿಗೂ ಎರಡು ಮಾತು ಅಂದೆ. ಆಮೇಲೆ ರಾಣಿಗೆ ಫೋನ್ ಹಚ್ಚಿದೆ.

"ಶನಿವಾರ ಓಡ್ತಿತ್ತಲ್ಲ ಅಕ್ಕ? ಸಿಡಿ ಗಲೀಜಾಗಿದ್ಯಾ ನೋಡಿ."

"ಪೂಜಿ ಮಾಡಿದ ಸಿಡಿ ಅದು. ಗಲೀಜು ಎಲ್ಲಿಂದ ಬರ್ತದ?"



"ಅಕ್ಕ, ಪೂಜೆ ಅಂದ್ರೆ ಏನೇನು ಮಾಡಿದ್ರಿ?"

"ಎಲ್ಲಾರೂ ಮಾಡಿದ್ಹಂಗ. ಗಂಧ, ಕುಂಕುಮ ಹಚ್ಚಿದೆ."

"ಎಲ್ಲಿಗೆ ಹಚ್ಚಿದ್ರಿ?"

"ಎಲ್ಲಿಗೇನ? ಮುಖಕ್ಕ. ಹೊಳೆಯೋ ಕಡೆ."

ರಾಣಿ ಎಷ್ಟು ನಕ್ಕಳೆಂದರೆ ಅವಳ ಸೆಂಟರಿನ ಗಿರಾಕಿಗಳು ಏನಾಯಿತೆಂದು ಕೇಳುವುದು ನನಗೂ ಕೇಳಿಸಿತು. ಓದುವುದೇ ಆ ಹೊಳೆಯುವ ಕಡೆಯಿಂದಂತೆ. ಒಳಗಿನಿಂದ ಶುರುಮಾಡಿ ಅಂಚಿನ ಕಡೆಗೆ ಓದುತ್ತದಂತೆ. ನಾನು ಚೆಂದ ಕಾಣಲೆಂದು ಅಂಚಿನಲ್ಲಿ ಬೊಟ್ಟಿಟ್ಟಿದ್ದೆ. ಸಿಡಿ ಹೊರತೆಗೆದು ನೋಡಿದರೆ ಗಂಧ ಒಣಗಿ ಗಟ್ಟಿಯಾಗಿತ್ತು, ಕುಂಕುಮ ತಿರುಗಿ ತಿರುಗಿ ಕೆಂಪಗೆ ಹರಡಿತ್ತು. ನಾಚಿಕೆಯಿಂದ ನನ್ನ ಮುಖವೂ ಅದೇ ಬಣ್ಣಕ್ಕೆ ಬಂದಿರಬೇಕು. ಚಾಮುಂಡಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಹೇಳಿಕೊಂಡೆ.

ಆದರೆ ಒರೆಸುವುದನ್ನು ಯಾರೂ ನನಗೆ ಕಲಿಸಬೇಕಾಗಿಲ್ಲ. ಏಳು ವರ್ಷ ಗೀರು ಬೀಳದ ಹಾಗೆ ಲೋಹ ಒರೆಸಿದ ಕೈ ಇದು. ಅಳತೆಯ ಉಪಕರಣಗಳನ್ನು ಒರೆಸುವ ಮೆತ್ತನೆಯ ಚರ್ಮವನ್ನು ನೀರಿನಲ್ಲಿ ಹಿಂಡಿ, ಗಂಧವನ್ನು ನೆನೆಸಿ, ಮಧ್ಯದಿಂದ ಅಂಚಿಗೆ ನೇರವಾಗಿ, ಒಮ್ಮೆಯೂ ಸುತ್ತು ತಿರುಗಿಸದೆ ಒರೆಸಿದೆ. ಕುಂಕುಮದ ಪುಡಿ ಡ್ರೈವಿನೊಳಗೂ ಬಿದ್ದಿರಬಹುದೆಂದು ಹೊಳೆಯಿತು. ವೈರು ಕಿತ್ತು, ಸ್ಕ್ರೂ ಬಿಚ್ಚಿ ಡ್ರೈವ್ ಹೊರತೆಗೆದೆ. ಸಿಡಿ ಓದುವ ಸಾಸಿವೆಯಷ್ಟು ಗಾಜಿನ ಮೇಲೆ ನಿಜಕ್ಕೂ ಕೆಂಪು ಧೂಳಿತ್ತು. ಹತ್ತಿಯಿಂದ ಮುಟ್ಟಿಯೂ ಮುಟ್ಟದಂತೆ ತೆಗೆದೆ. ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ಮಿಕ್ಕಿತು. ಅದನ್ನು ಯಾರಿಗೂ ಹೇಳಲಿಲ್ಲ.

ಹಾಕಿದೆ. ಐವತ್ತು. ಅರವತ್ತು. ಅರವತ್ತೊಂದರಲ್ಲಿ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅರವತ್ತೇಳು! ಮೇಜು ಗುದ್ದಿದ ಸದ್ದಿಗೆ ನಲ್ಲಪ್ಪಣ್ಣ ಮತ್ತೆ ಇಣುಕಿದರು, ಈ ಸಲ ಏನೂ ಕೇಳದೆ ಹೋದರು.

ಇದರ ನಡುವೆ ಅದು ನನ್ನನ್ನು ಒಂದು ಪ್ರಶ್ನೆ ಕೇಳಿತು. 'ನೀವು ಯಾರು?' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಕೆಳಗೆ ಹೆಸರಿಗೆ ಜಾಗ ಬಿಟ್ಟಿತ್ತು. ನಾನು ಕೀಲಿಗಳ ಮೇಲೆ ಬೆರಳಿಟ್ಟು ಸುಮ್ಮನೆ ಕೂತೆ. ಈ ಕಾರ್ಖಾನೆಯಲ್ಲಿ ನಾನು ಹಾಜರಿ ಕಾರ್ಡಿನ ಹದಿನಾಲ್ಕನೇ ನಂಬರು. ರಿಪೋರ್ಟಿನಲ್ಲಿ ಸಹಿ ಸಾರ್ ಅವರದು. ಕಂಪನಿಯ ಹೆಸರು ಹಾಕಲೇ, ಸಾರ್ ಹೆಸರು ಹಾಕಲೇ ಎಂದು ಯೋಚಿಸಿದೆ. ಆಮೇಲೆ ಮಹಾದೇವಿ ಎಂದು ಒಂದೊಂದೇ ಅಕ್ಷರ ಒತ್ತಿದೆ.

ಮೂರು ಗಂಟೆಗೆ ಲಿನಕ್ಸ್ ಕೂತಿತು. ನನ್ನ ಎಂಟು ತಿಂಗಳು ಡಿ ಡ್ರೈವಿನಲ್ಲಿ ಹಾಗೇ ಇದ್ದವು. ಈಗ ಪ್ರಿಂಟರು ಕೈಕೊಟ್ಟಿತು. ರಾಣಿ ಫೋನಿನಲ್ಲಿ ಒಂದು ಕಪ್ಪು ಕಿಟಕಿ ತೆರೆಸಿ, ಒಂದು ಸಾಲು ಬರೆಸಿದಳು. ಪಾಸ್‌ವರ್ಡ್ ಕೇಳಿತು. ಒತ್ತಿದೆ. ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡ್ ಸತ್ತಿತೆಂದು ಬೋರಲು ಹಾಕಿ ಬಡಿದೆ, ಹಿತ್ತಾಳೆಯ ಪುಡಿ ಉದುರಿತು.

"ಕಾಣಲ್ಲ ಅಕ್ಕ, ಅದು ಇರೋದೇ ಹಂಗೆ. ನೋಡ್ದೇ ಒತ್ತಿ, ಎಂಟರ್ ಹೊಡೀರಿ."

ಕುರುಡು ನಂಬಿಕೆಯಿಂದ ಒತ್ತಿದೆ. ಸಾಲುಗಳು ಸರಸರ ಓಡಿದವು. ಪ್ರಿಂಟರ್ ಒಮ್ಮೆ ಗುರ್ ಎಂದಿತು, ಕಾಗದ ಎಳೆದುಕೊಂಡಿತು, ಕಿರ್ ಕಿರ್ ಎಂದು ಫೆಬ್ರವರಿಯ ಮೊದಲ ಹಾಳೆ ಹೊರಗೆ ಬಂತು. ಲೋಕದಲ್ಲಿ ಅದಕ್ಕಿಂತ ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಐದೂವರೆಗೆ ಆಂಜಿನಪ್ಪ ಸಾರ್ ದಪ್ಪ ರಿಜಿಸ್ಟರು, ಚೀಟಿಗಳ ಕಟ್ಟು ಹಿಡಿದು ಬಂದರು. ನೆಲದ ಮೇಲೆ ಹಾಳೆಗಳ ರಾಶಿ ಬಿದ್ದಿತ್ತು. ಒಂದನ್ನು ಎತ್ತಿ, ಕನ್ನಡಕ ಏರಿಸಿ, ಒಂದು ಚೀಟಿಯ ಜೊತೆ ಅಳತೆ ತಾಳೆ ನೋಡಿದರು. ಇನ್ನೊಂದು ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ.

"ಆಫ್ ಮಾಡಿ ಆನ್ ಮಾಡು. ನಾಳೆ ಬೆಳಿಗ್ಗೆ ಏಳ್ತದೋ ಇಲ್ವೋ ನೋಡವ."

ಆಫ್ ಮಾಡಿದೆ, ಆನ್ ಮಾಡಿದೆ. ಬಾಗಿಲಲ್ಲಿ ನಲ್ಲಪ್ಪಣ್ಣನ ಹಿಂದೆ ಐದಾರು ಜನ ಸೇರಿದ್ದರು. ನೇರಳೆ ಪರದೆ ಬಂದು, ನಡುವೆ ಒಂದೇ ಒಂದು ಹೆಸರು ಮೂಡಿತು. ಮಹಾದೇವಿ.

ಸಾರ್ ಬಗ್ಗಿ ಓದಿದರು. "ಇದೇನಮ್ಮ, ಕಾರ್ಖಾನೆ ನಂದು, ಇದ್ರಲ್ಲಿ ನನ್ನೆಸ್ರೇ ಇಲ್ವಲ್ಲ?"

ಸುಳ್ಳು ಹೇಳಲು ತಿಳಿಯಲಿಲ್ಲ.

"ಯಾರು ನೀವು ಅಂತ ಕೇಳ್ತು ಸಾರ್. ಕುಂತಾಕಿ ನಾನಿದ್ದೆ."

ಅವರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. ಆಮೇಲೆ ರಿಜಿಸ್ಟರನ್ನು ಕಂಕುಳಿಗೆ ಸೇರಿಸಿದರು.

"ಸರಿ. ಅಂಗಾದ್ರೆ ನಾಳೆ ಅವರು ಬಂದಾಗ್ಲೂ ನೀನೇ ಕುಂತಿರು. ಕೇಳಿದ್ದಕ್ಕೆ ನೀನೇ ಉತ್ತರ ಕೊಡು. ಬೆಂಚಿಗೆ ನಾನು ಬೇರೆ ಯಾರನ್ನಾರ ನೋಡ್ಕೋತೀನಿ."

ಎಲ್ಲರೂ ಹೋದರು. ಪ್ರಿಂಟರ್ ಸೆಪ್ಟೆಂಬರ್ ತಿಂಗಳನ್ನು ಅಚ್ಚು ಹಾಕುತ್ತಿತ್ತು. ಸಂತೋಷ ತಡೆಯಲಾಗದೆ ಎದ್ದು ಕುಣಿಯಬೇಕೆನಿಸಿತು. ಆದರೆ ಆ ಕುರ್ಚಿ ಬಿಟ್ಟು ಏಳುವ ಮನಸ್ಸು ಮಾತ್ರ ಬರಲಿಲ್ಲ.