ಸಾಗರ ಆಡದ ಮಾತು

ಒಂಬತ್ತನೇ ಇಯತ್ತೆಯ ಮಕ್ಕಳೆಲ್ಲ ರೈಲು ಹತ್ತಿ ಮೈಸೂರಿಗೆ ಹೋಗಿ ಬಂದವರು. ಹೋಗಿ ಬಂದದ್ದು ಗೈಡಿನೊಳಗೆ, ಅಷ್ಟೆ. 'ನಾನು ಮರೆಯಲಾರದ ಘಟನೆ' ಎಂದು ಪ್ರಬಂಧ ಕೊಟ್ಟರೆ ಸಾಕು, ಸವದತ್ತಿಯನ್ನೇ ನೆಟ್ಟಗೆ ನೋಡದ ಹುಡುಗರು ಅರಮನೆಯ ದೀಪಗಳನ್ನು ಕಣ್ತುಂಬ ನೋಡಿ, ಕಳೆದುಹೋದ ಚೀಲವನ್ನು ಯಾರೋ ಒಬ್ಬ ಮುದುಕನ ಕೈಯಿಂದ ಮರಳಿ ಪಡೆದು, ಪ್ರಾಮಾಣಿಕತೆಯನ್ನು ಹೊಗಳಿ ಮುಗಿಸುತ್ತಿದ್ದರು. ಐವತ್ತು ಮಕ್ಕಳಿಗೂ ಅದೇ ಚೀಲ, ಅದೇ ಮುದುಕ. ಓದಿ ಓದಿ ನಾಗರತ್ನಾ ಅಕ್ಕೋರಿಗೆ ತಲೆ ಚಿಟ್ಟು ಹಿಡಿದಿತ್ತು.

ಅಕ್ಕೋರು ಬೈಲಹೊಂಗಲದವರು. ದಿನಾ ಬಸ್ಸಿನಲ್ಲಿ ಬಂದು, ಮುರಗೋಡದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ೨೦೦೪ರ ಚಳಿಗಾಲದಲ್ಲಿ ಒಂದು ದಿನ ಸಿಟ್ಟು ನೆತ್ತಿಗೇರಿ ಗೈಡುಗಳನ್ನೆಲ್ಲ ಕಸಿದು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

"ನಿಮಗ ಆದದ್ದನ್ನ ಬರೀರಿ," ಎಂದರು. "ಎಲ್ಲಿದ್ರಿ, ಏನ್ ನೋಡಿದ್ರಿ, ಅವರು ಏನಂದ್ರು, ನೀವೇನಂದ್ರಿ. ಮಾತು ಹೆಂಗಿತ್ತೋ ಹಂಗ ಬರೀರಿ. ಓದಿದವರ ಕಣ್ಣಾಗ ನೀರ ಬರಬೇಕು. 'ನಾನು' ಅನ್ನೂದು ನಟ್ಟ ನಡುವ ಇರಬೇಕು. ದೂರ ನಿಂತು ಹೇಳಬ್ಯಾಡ್ರಿ."

ಮಕ್ಕಳು ಬೇರೆ ಎಲ್ಲವನ್ನೂ ಬಿಟ್ಟು ಕಣ್ಣೀರಿನ ಮಾತನ್ನೂ 'ನಾನು' ಎಂಬ ಮಾತನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

ಅದಕ್ಕೆ ತಿಂಗಳ ಹಿಂದಷ್ಟೇ ಅದೇ ವರ್ಗದ ಸಾಗರ ಸತ್ತಿದ್ದ. ಫ್ಯಾಕ್ಟರಿಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳು ಊರ ಹೊರಗಿನ ತಿರುವಿನಲ್ಲಿ ನಿಧಾನ ಆಗುತ್ತವೆ. ಸಾಲೆ ಬಿಟ್ಟ ಹುಡುಗರು ಹಿಂದಿನಿಂದ ಜೋತುಬಿದ್ದು ಕಬ್ಬು ಹಿರಿಯುತ್ತಾರೆ. ಆ ದಿನ ಸಾಗರನ ಕೈ ಜಾರಿ, ಹಿಂದಿನ ಟ್ರೇಲರಿನ ಗಾಲಿ ಅವನ ಮೇಲೆ ಹಾಯಿತು. ಉಳಿದ ಹುಡುಗರು ಕಬ್ಬು ಕದ್ದದ್ದಕ್ಕೆ ಹೊಡೆತ ಬಿದ್ದೀತೆಂದು ಹೆದರಿ ಹೊಲ ಹೊಕ್ಕವರು ಕತ್ತಲಾಗುವ ತನಕ ಹೊರಗೆ ಬರಲಿಲ್ಲ. ತಾನು ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ ಎಂದು ಡ್ರೈವರ್ ಮಾಸ್ತರರೆಲ್ಲರ ಮುಂದೆ ಅತ್ತು ಹೇಳಿದ್ದ. ಅಕ್ಕೋರು ಅದನ್ನು ಕಿವಿಯಾರೆ ಕೇಳಿದ್ದರು.

ಈಗ ನೋಡಿದರೆ ಅರ್ಧಕ್ಕರ್ಧ ವರ್ಗ ಸಾಗರನ ಸಾವನ್ನೇ ಬರೆದಿತ್ತು. ಎಲ್ಲರೂ ಅಲ್ಲೇ ಇದ್ದವರು! ಒಬ್ಬ ಗಾಲಿ ಎತ್ತಿದ್ದ, ಒಬ್ಬಳು ರಕ್ತ ಒರೆಸಿದ್ದಳು, ಇನ್ನೊಬ್ಬ ಹೆಗಲ ಮೇಲೆ ಹೊತ್ತು ಬೈಲಹೊಂಗಲದ ದವಾಖಾನೆಯ ತನಕ ಓಡಿದ್ದ. ಅವರೆಲ್ಲರನ್ನೂ ಮೀರಿಸಿದವಳು ಮಧು. ಊರ ದೊಡ್ಡ ಹೊಲದ ಒಡೆಯ ಮಹಾಂತಪ್ಪನ ಮಗಳು. ಆ ದಿನ ಜ್ವರ ಬಂದು ಸಾಲೆಗೇ ಬಂದಿರಲಿಲ್ಲ.

"ನಾನು ಅವನ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆನು," ಎಂದು ಬರೆದಿದ್ದಳು. "ನನ್ನ ಬಾಟಲಿಯ ನೀರನ್ನು ಕುಡಿಸಿದೆನು. ಅವನು ಕಣ್ಣು ತೆರೆದು, 'ನಮ್ಮ ಅವ್ವಗ ಹೇಳು, ನನಗ ಭಾಳ ನೋವಾಗಿಲ್ಲ' ಎಂದನು."

ಸುಳ್ಳೆಂದು ಅಕ್ಕೋರಿಗೆ ಗೊತ್ತಿತ್ತು. ಆದರೂ ಅವರ ಕಣ್ಣುಗಳು ಹನಿಗೂಡಿದವು. ತಾವು ಕಲಿಸಿದ್ದೆಲ್ಲ ಆ ಪುಟದಲ್ಲಿ ಕೈಕಾಲು ಬಂದು ನಿಂತಿತ್ತು. ಹತ್ತಕ್ಕೆ ಒಂಬತ್ತು ಕೊಟ್ಟು, ವರ್ಗದಲ್ಲಿ ಗಟ್ಟಿಯಾಗಿ ಓದಿಸಿದರು. ಹೊಲ ಹೊಕ್ಕು ಅಡಗಿದ್ದ ಹುಡುಗರೂ ಬಿಕ್ಕಿ ಬಿಕ್ಕಿ ಅತ್ತರು.

ಮರುದಿನ ಸಾಗರನ ತಾಯಿ ಕೆಂಪವ್ವ ಸಾಲೆಯ ಬಾಗಿಲಿಗೆ ಬಂದು ನಿಂತಳು.

"ಬರ್ರಿ ಕೆಂಪವ್ವ, ಕುಂಡ್ರಿ," ಎಂದರು ಅಕ್ಕೋರು. ಅವಳು ಕೂಡಲಿಲ್ಲ.

"ನಮ್ಮ ಸಾಗ್ಯಾ ಏನೋ ಹೇಳಿ ಹೋಗ್ಯಾನಂತಲ್ರಿ. ನಿನ್ನೆ ಸಾಲ್ಯಾಗ ಓದಿದ್ರಂತ. ನನಗೂ ಓದಿ ಹೇಳ್ರಿ."

ಇದು ಬರೇ ಕಟ್ಟಿ ಬರೆದದ್ದು ಎಂದು ಹೇಳಲು ಅಕ್ಕೋರು ಬಾಯಿ ತೆರೆದರು. ಅಷ್ಟರಲ್ಲಿ ಕೆಂಪವ್ವನೇ ಅಂದಳು: "ತಂಗೀ ಬಾಣಂತನಕ್ಕ ರಾಮದುರ್ಗಕ್ಕ ಹೋಗಿದ್ನಿರಿ. ನಾ ಬರೂದ್ರಾಗ ಬಟ್ಟಿ ಸುತ್ತಿ ಮಲಗಿಸಿದ್ರು. ಮಾರಿ ಅಷ್ಟ ತೋರಿಸಿದ್ರು. ಏನಾತು ಅಂತ ಯಾರನ್ನ ಕೇಳಿದ್ರೂ ತೆಳಗ ನೋಡ್ತಾರ. ಈ ಹುಡುಗಿ ಒಬ್ಬಾಕೀನ ಬಾಯಿ ಬಿಟ್ಟಾಳ."

ತೆರೆದ ಬಾಯಿಯಿಂದ ಅಕ್ಕೋರು ಪ್ರಬಂಧವನ್ನೇ ಓದಿದರು. ಕೆಂಪವ್ವ ಇನ್ನೊಮ್ಮೆ ಓದಿಸಿಕೊಂಡಳು. "ನೀರ ಕುಡದ ಹೋದ," ಎಂದು ತನಗೆ ತಾನೇ ಹೇಳಿಕೊಂಡು, ಆ ಹುಡುಗಿಯನ್ನು ಕರೆಸಿ ಎಂದಳು.

ಮಧು ಬಂದಳು. ಕೆಂಪವ್ವ ಅವಳ ಕೈ ಹಿಡಿಯಲು ಹೋಗಿ, ದೊಡ್ಡ ಮನೆಯ ಹುಡುಗಿ ಎಂಬುದು ನೆನಪಾಗಿ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ತೊಡಿ ಮ್ಯಾಲೆ ಮಲಗಿಸ್ಕೊಂಡಿಯಂತ, ನಮ್ಮವ್ವಾ. ನಿನ್ನ ಹೊಟ್ಟಿ ತಣ್ಣಗಿರಲಿ. ಮತ್ತೇನಂದ?"

ಮಧು ಅಕ್ಕೋರ ಮುಖ ನೋಡಿದಳು. ಅಕ್ಕೋರು ಕಿಟಕಿಯ ಆಚೆ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಅವ್ವ ಎಲ್ಲಿ ಅದಾಳ ಅಂತ ಕೇಳಿದನ್ರಿ," ಎಂದಳು ಮಧು, ಸಣ್ಣ ದನಿಯಲ್ಲಿ.

ಅಂದಿನಿಂದ ಸಂತೆಯ ದಿನ ತಪ್ಪದೆ ಕೆಂಪವ್ವ ಬರತೊಡಗಿದಳು. ಸಂತೆಯ ಚೀಲವನ್ನು ಬಾಗಿಲ ಹೊರಗಿಟ್ಟು, ಮಧುವನ್ನು ಕರೆಸಿಕೊಂಡು, ಮತ್ತೇನಂದ ಎನ್ನುವಳು. ಒಂದು ವಾರ ಸಾಗರ ಕರಿಗಡಬು ನೆನೆಸಿದ. ಇನ್ನೊಂದು ವಾರ ಅಪ್ಪನ ಹೆಸರು ಹೇಳಿದ. ಮುಂದಿನ ವಾರ ಮನೆಯ ಆಡು ಈದಿತೇನು ಎಂದು ವಿಚಾರಿಸಿದ. ಕೇಳಿದಷ್ಟೂ ಕೆಂಪವ್ವನ ಮುಖಕ್ಕೆ ಜೀವ ಬರುತ್ತಿತ್ತು. ಮೊದಲಿನಂತೆ ಕೆಲಸಕ್ಕೂ ಹೋಗತೊಡಗಿದಳು ಎಂದು ಊರವರು ಅಕ್ಕೋರನ್ನು ಹೊಗಳಿದರು. ಹೊಗಳಿದವರ ಮುಖ ನೋಡದೆ ಅಕ್ಕೋರು ಬಸ್ಸಿನ ಹೊತ್ತಾಯಿತೆಂದು ಹೊರಟುಬಿಡುತ್ತಿದ್ದರು.

ಇತ್ತ ಮಧು ಸೊರಗತೊಡಗಿದಳು. ಒಂದು ದಿನ ಎಲ್ಲರೂ ಹೋದ ಮೇಲೆ ಅಕ್ಕೋರ ಮೇಜಿನ ಬಳಿ ನಿಂತು ಅತ್ತೇ ಬಿಟ್ಟಳು. "ನನಗ ಇನ್ನ ಏನೂ ಹೊಳಿವಲ್ದ್ರಿ ಅಕ್ಕೋರ. ಸಂತಿ ಬಂತಂದ್ರ ಸಾಲಿಗೆ ಬರೂದ ಬ್ಯಾಡ ಅನಸತೈತ್ರಿ. ನೀವ ಹೇಳಿ ಬಿಡ್ರಿ."

"ಹೇಳ್ತೇನಿ," ಎಂದರು ಅಕ್ಕೋರು.

ಹೇಳಲಿಲ್ಲ. ಬಸ್ಸಿನಲ್ಲಿ ಕೂತು ಮಾತು ಹೊಂದಿಸಿಕೊಂಡು ಬರುತ್ತಿದ್ದರು. ಕೆಂಪವ್ವನ ಮುಖ ಕಂಡ ಕೂಡಲೇ ತಾವೇ ಎದ್ದು ಮಧುವನ್ನು ಕರೆಯಲು ಹೋಗುತ್ತಿದ್ದರು. ನಿನ್ನ ಮಗ ಒಬ್ಬನೇ ಸತ್ತ, ಗೆಳೆಯರೆಲ್ಲ ಬಿಟ್ಟು ಓಡಿದರು ಎಂದು ಆ ತಾಯಿಗೆ ಯಾವ ಬಾಯಲ್ಲಿ ಹೇಳಬೇಕು?

ಹೀಗೆ ಯುಗಾದಿ ಹತ್ತಿರ ಬಂತು. ಆ ಸಂತೆಯ ದಿನ ಕೆಂಪವ್ವ ಚೀಲವಿಲ್ಲದೆ ಬಂದಳು. ಮಧು ಬಂದು ನಿಂತರೂ ಅವಳ ಕಡೆ ನೋಡಲಿಲ್ಲ.

"ಒಂದ್ ಮಾತು ಕೇಳ್ತೇನ್ರಿ ಅಕ್ಕೋರ. ಅಷ್ಟೊತ್ತು ಮಾತಾಡ್ಯಾನ ಅಂದ್ರ, ಜೀವ ಗಟ್ಟಿ ಇತ್ತಲ್ರಿ ಅವಂದು? ಕರಿಗಡಬು ನೆನಿಸ್ಯಾನ, ಆಡು ಕೇಳ್ಯಾನ. ಜಲ್ದಿ ದವಾಖಾನಿಗೆ ಒಯ್ದಿದ್ರ ಉಳೀತಿದ್ನಲ್ರಿ?"

ಅಕ್ಕೋರು ಮಧುವಿನ ಹೆಗಲ ಮೇಲೆ ಕೈಯಿಟ್ಟರು.

"ಈ ಸಣ್ಣ ಹುಡುಗಿಗೆ ಏನ್ ತಿಳೀಬೇಕು, ಪಾಪ," ಕೆಂಪವ್ವ ಮುಂದುವರಿಸಿದಳು. "ನಾ ಊರಾಗ ಇರಬೇಕಾಗಿತ್ತು. ಅವ್ವ ಎಲ್ಲಿ ಅದಾಳ ಅಂತ ಕೂಸು ಕೇಳಾಕತ್ತೈತಿ, ನಾ ರಾಮದುರ್ಗದಾಗ ತಂಗೀ ಕೂಸಿಗೆ ಎಣ್ಣಿ ಹಚಗೋತ ಕುಂತೇನಿ. ನಾ ಇದ್ದಿದ್ರ ಹೊತ್ಕೊಂಡು ಓಡ್ತಿದ್ನಿ. ನನ್ನ ಕೈಯಾರೆ ಕಳಕೊಂಡ್ನಿ ಅವನ್ನ."

ಇನ್ನು ತಡೆಯಲು ಅಕ್ಕೋರಿಂದ ಆಗಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡರು. "ಕೆಂಪವ್ವ, ಕೇಳ್ರಿಲ್ಲೆ. ಅವ ಒಂದು ಮಾತೂ ಆಡಿಲ್ಲ. ಗಾಲಿ ಹಾದ ಕೂಡಲೇ ಜೀವ ಹೋಗೈತಿ. ಅಲ್ಲಿ ಯಾರೂ ಇರಲಿಲ್ಲ, ಎಲ್ಲಾರೂ ಓಡಿದ್ರು. ಇದನ್ನ ನಾನ ಬರೆಯಾಕ ಹಚ್ಚಿದ್ನಿ. ನೀವು ಇದ್ದಿದ್ರೂ ಉಳೀತಿರಲಿಲ್ಲ."

ಕೆಂಪವ್ವ ಅವರನ್ನೇ ನೋಡಿದಳು. ಆ ಕಣ್ಣುಗಳಲ್ಲಿ ಸಿಟ್ಟು ಬರಲಿ, ಒಂದು ಮಾತು ಬಯ್ಯಲಿ ಎಂದು ಅಕ್ಕೋರು ಕಾದರು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನನ್ನ ಸಮಾಧಾನಕ್ಕ ಹೇಳಾಕತ್ತೀರಿ," ಎಂದಳು. "ನಿಮ್ಮದು ದೊಡ್ಡ ಮನಸ್ಸು."

"ಇಲ್ರಿ, ಖರೇನ ಹೇಳಾಕತ್ತಾರ!" ಮಧು ಮುಂದೆ ಬಂದು ಅಳುತ್ತಾ ಹೇಳಿದಳು. "ನನಗ ಅವತ್ತ ಜ್ವರ ಬಂದಿತ್ರಿ. ನಾ ಅಲ್ಲಿ ಇರಲೇ ಇಲ್ರಿ."

ಕೆಂಪವ್ವ ಈ ಸಲ ಹಿಂಜರಿಯಲಿಲ್ಲ. ಸೆರಗಿನ ಚುಂಗಿನಿಂದ ಹುಡುಗಿಯ ಕಣ್ಣು ಒರೆಸಿದಳು. ಆಮೇಲೆ ಅಕ್ಕೋರ ಕಡೆ ತಿರುಗಿದಳು.

"ಈಕಿಗೂ ಇದನ್ನ ನೀವ ಕಲಿಸೀರಿ," ಎಂದಳು. "ಬ್ಯಾಡ್ರಿ. ಅವ ಕರದಾನ, ನಾ ಇರಲಿಲ್ಲ. ಅದು ನನಗ ತಿಳದೈತಿ."